ಮೊದಲು ಅಂಚು ತೋರಿಸಿ

ಆರ್‌ಸಿ (ರಿಮೋಟ್ ಕಂಟ್ರೋಲ್) ಕಾರಿನ ಹುಚ್ಚು ಹಿಡಿದವರಿಗೆ ಒಂದಲ್ಲ ಒಂದು ದಿನ ಕಾರ್ಬನ್ ಫೈಬರ್ ಹುಚ್ಚೂ ಹತ್ತಿಕೊಳ್ಳುತ್ತದೆ. ಟಾಮಿಯಾದ ಟಿಟಿ-02ರಂಥ ಪ್ಲಾಸ್ಟಿಕ್ ತೊಟ್ಟಿಯ ಕಾರಿನಲ್ಲಿ ಕೈ ಪಳಗಿಸಿಕೊಂಡು, ಗೇರು, ಡಿಫರೆನ್ಷಿಯಲ್, ಶಾಕ್ ಆಯಿಲ್ ಎಲ್ಲದರ ಮರ್ಮ ತಿಳಿದ ಮೇಲೆ, ‘ಚಾಸಿಯನ್ನೂ ನಾನೇ ಯಾಕೆ ಮಾಡಬಾರದು?’ ಅನ್ನಿಸುತ್ತದೆ. ಒಳ್ಳೆಯ ಆಸೆಯೇ. ಆದರೆ ಹಾಗೆ ಅನ್ನಿಸಿದ ಮರುಗಳಿಗೆಯಲ್ಲಿ ಮನಸ್ಸು ಹೋಗಿ ನಿಲ್ಲುವುದು ಮಿರಮಿರ ಮಿಂಚುವ ಆ ಕಪ್ಪು ಚೌಕುಳಿ ಹಾಳೆಯ ಮುಂದೆ. ಅಂಗಡಿಯವನು ಕೊಡುವ ವಿವರವೂ ಅಷ್ಟಕ್ಕಷ್ಟೆ. ‘3ಕೆ, ಟ್ವಿಲ್, ಗ್ಲಾಸಿ, ಒರಿಜಿನಲ್ ಸಾರ್.’ ಈ ನಾಲ್ಕು ಪದಗಳಲ್ಲಿ ಚಾಸಿಗೆ ಬೇಕಾದ ಸಂಗತಿ ಒಂದೂ ಇಲ್ಲ.

ಕೊಳ್ಳುವವರು ಕೇಳುವ ಪ್ರಶ್ನೆಯೂ ಸಾಮಾನ್ಯವಾಗಿ ತಪ್ಪಾದದ್ದೇ: ತೂಕ ಎಷ್ಟು ಉಳಿಯುತ್ತದೆ? ಲೆಕ್ಕ ಹಾಕಿಯೇ ಬಿಡೋಣ. ರಸ್ತೆಯ ಮೇಲೆ ಓಡಿಸುವ 1:10 ಅಳತೆಯ ಟೂರಿಂಗ್ ಕಾರಿನ ಕೆಳಹಾಳೆ ಹೆಚ್ಚುಕಡಿಮೆ 330 ಮಿ.ಮೀ. ಉದ್ದ, 80 ಮಿ.ಮೀ. ಅಗಲ ಇರುತ್ತದೆ ಅನ್ನಿ. ಮೋಟಾರು, ಬ್ಯಾಟರಿಗಳ ಜಾಗ ಕೊರೆದು ತೆಗೆದರೆ ಸುಮಾರು 200 ಚದರ ಸೆಂ.ಮೀ. ಉಳಿಯುತ್ತದೆ. ದಪ್ಪ 2.25 ಮಿ.ಮೀ. ಇದ್ದರೆ ಕಾರ್ಬನ್ ಹಾಳೆ 70 ಗ್ರಾಂ ತೂಗುತ್ತದೆ. ಸರ್ಕ್ಯೂಟ್ ಬೋರ್ಡಿಗೆ ಬಳಸುವ ಎಫ್‌ಆರ್-4, ಅಂದರೆ ಗಾಜಿನ ನೂಲು ಮತ್ತು ಎಪಾಕ್ಸಿಯ ಹಾಳೆ, ಅದೇ ಅಳತೆಗೆ 83 ಗ್ರಾಂ. ಇಡೀ ಕಾರು ಬ್ಯಾಟರಿ ಸಮೇತ 1,300 ಗ್ರಾಮಿನ ಸುತ್ತಮುತ್ತ. ಅದರಲ್ಲಿ ಈ 13 ಗ್ರಾಂ ಯಾವ ಲೆಕ್ಕ? ಬ್ಯಾಟರಿಯ ಕಂಪನಿ ಬದಲಿಸಿದರೆ ಇದಕ್ಕಿಂತ ಹೆಚ್ಚು ಏರುಪೇರಾಗುತ್ತದೆ. ರೇಸಿಗೆ ಇಳಿಯುವವರಂತೂ ಕನಿಷ್ಠ ತೂಕದ ನಿಯಮ ಮುಟ್ಟಲು ಕೆಳಗೆ ಹಿತ್ತಾಳೆಯ ತುಂಡುಗಳನ್ನು ಅಂಟಿಸುತ್ತಾರೆ. ಯುರೋಪಿನ ಕಾರ್ಪೆಟ್ ಟ್ರ್ಯಾಕುಗಳಲ್ಲಿ ಓಡಿಸುವವರು, ಭಾರ ತಳದಲ್ಲಿರಲಿ ಎಂದು ಬೇಕೆಂದೇ 121 ಗ್ರಾಂ ತೂಗುವ ಅಲ್ಯೂಮಿನಿಯಂ ಹಾಳೆಗೆ ಹೋಗುವುದೂ ಉಂಟು.

ಹಾಗಾದರೆ ಕಾರ್ಬನ್ ಯಾಕೆ? ಬಿಗಿತಕ್ಕೆ. ಒಂದೇ ದಪ್ಪದ ಎರಡು ಹಾಳೆಗಳ ಮೇಲೆ ಒಂದೇ ಭಾರ ಇಟ್ಟರೆ ಗಾಜಿನ ಹಾಳೆ ಕಾರ್ಬನ್ನಿಗಿಂತ ಸುಮಾರು ಮೂರು ಪಟ್ಟು ಬಾಗುತ್ತದೆ. ಅದನ್ನು ಕಾರ್ಬನ್ನಿನಷ್ಟೇ ಬಿಗಿ ಮಾಡಬೇಕಾದರೆ ದಪ್ಪವನ್ನು 3.2 ಮಿ.ಮೀ.ಗೆ ಏರಿಸಬೇಕು, ಆಗ ತೂಕ 120 ಗ್ರಾಮಿನ ಹತ್ತಿರ ಹೋಗುತ್ತದೆ. ಅಲ್ಲಿಗೆ ಕಾರ್ಬನ್ನಿನ ಬೆಲೆಗೆ ಒಂದು ಅರ್ಥ ಬಂತು. ಆದರೆ ನಿಜವಾದ ಪ್ರಶ್ನೆ ಈಗ ಶುರು: ಬಿಗಿತ ಸರಿ, ಯಾವ ದಿಕ್ಕಿಗೆ?

ಅಲ್ಯೂಮಿನಿಯಂ ಹಾಳೆಗೆ ಈ ಪ್ರಶ್ನೆಯೇ ಇಲ್ಲ. ಹೇಗೆ ತಿರುಗಿಸಿ ಕತ್ತರಿಸಿದರೂ ಅದರ ಗುಣ ಒಂದೇ. ಕಾರ್ಬನ್ ಹಾಳೆ ಹಾಗಲ್ಲ, ಅದು ಮೂಲತಃ ಬಟ್ಟೆ. ಕೂದಲೆಳೆಯ ಹತ್ತನೇ ಒಂದರಷ್ಟು, ಸುಮಾರು 7 ಮೈಕ್ರಾನ್ ದಪ್ಪದ ಎಳೆಗಳು ಮೂರು ಸಾವಿರ ಸೇರಿ ಒಂದು ನೂಲು. ಅಂಗಡಿಯವನ ‘3ಕೆ’ ಅಂದರೆ ಇಷ್ಟೇ, ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ನೂಲನ್ನು ಹಾಸುಹೊಕ್ಕಾಗಿ ನೇಯ್ದು, ಪದರ ಪದರವಾಗಿ ಎಪಾಕ್ಸಿಯಲ್ಲಿ ಅದ್ದಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಹಾಳೆ. ರವಿಕೆ ಹೊಲಿಯುವ ಟೈಲರನ್ನು ಕೇಳಿ ನೋಡಿ. ಬಟ್ಟೆಯನ್ನು ನೇರ ಎಳೆದರೆ ಜಗ್ಗುವುದಿಲ್ಲ, ಓರೆಯಾಗಿ ಎಳೆದರೆ ಜಗ್ಗುತ್ತದೆ. ಅದಕ್ಕೇ ಕ್ರಾಸ್ ಕಟ್ ರವಿಕೆ ಮೈಗೆ ಕೂರುವುದು. ಎಪಾಕ್ಸಿ ಕುಡಿದು ಗಟ್ಟಿಯಾದ ಮೇಲೂ ಬಟ್ಟೆ ಈ ಜಾತಿಗುಣ ಬಿಡುವುದಿಲ್ಲ.

ಎಲ್ಲ ಪದರಗಳ ನೂಲೂ ಉದ್ದಕ್ಕೆ ಮತ್ತು ಅಡ್ಡಕ್ಕೆ ಮಾತ್ರ ಇದ್ದರೆ ಹಾಳೆ ಉದ್ದಕ್ಕೆ ಬಾಗಲು ಒಪ್ಪುವುದಿಲ್ಲ, ಆದರೆ ಎರಡು ತುದಿ ಹಿಡಿದು ತಿರುಚಿದರೆ ಸಲೀಸಾಗಿ ತಿರುಚಿಕೊಳ್ಳುತ್ತದೆ. ಏಕೆಂದರೆ ತಿರುಚುವಾಗ ಹಾಳೆಯೊಳಗಿನ ಎಳೆತ 45 ಡಿಗ್ರಿ ಓರೆಯಲ್ಲಿ ಹಾಯುತ್ತದೆ. ಆ ದಿಕ್ಕಿನಲ್ಲಿ ನೂಲೇ ಇಲ್ಲ, ತಡೆಯುವುದು ಬರೀ ಎಪಾಕ್ಸಿ. ಅದೇ ಹಾಳೆಯಿಂದ ಚಾಸಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ ನೋಡಿ, ಲೆಕ್ಕವೆಲ್ಲ ತಲೆಕೆಳಗು. ಬಾಗುವುದರ ವಿರುದ್ಧದ ಬಿಗಿತ ಕಾಲುಭಾಗಕ್ಕೆ ಇಳಿಯುತ್ತದೆ, ತಿರುಚುವುದರ ವಿರುದ್ಧದ್ದು ಐದಾರು ಪಟ್ಟು ಏರುತ್ತದೆ. ಹಾಳೆ ಅದೇ, ಬೆಲೆ ಅದೇ, ಬೇರೆಯದೇ ಕಾರು.

ಇದು ಪುಸ್ತಕದ ಮಾತಲ್ಲ. ಅಂಗಡಿಯಲ್ಲಿ 300 ಮಿ.ಮೀ. ಚೌಕದ ತುಂಡು ಅಗ್ಗಕ್ಕೆ ಸಿಗುತ್ತದೆ. 330 ಮಿ.ಮೀ. ಉದ್ದದ ಚಾಸಿ ಅದರಲ್ಲಿ ನೇರ ಕೂರುವುದಿಲ್ಲ, ಆದರೆ ಮೂಲೆಯಿಂದ ಮೂಲೆಗೆ ಇಟ್ಟರೆ ಸರಿಯಾಗಿ ಕೂರುತ್ತದೆ. ದುಡ್ಡು ಉಳಿಸುವ ಜಾಣತನದಲ್ಲಿ ಎಷ್ಟೋ ಮಂದಿ ಹಾಗೇ ಕತ್ತರಿಸಿಕೊಂಡು, ‘ಕಾರ್ಬನ್ ಹಾಕಿಸಿದ ಮೇಲೆ ಕಾರು ಮಧ್ಯಕ್ಕೆ ಜೋತುಬೀಳುತ್ತಿದೆ, ಹಾಳೆ ಡೂಪ್ಲಿಕೇಟ್’ ಎಂದು ದೂರುತ್ತಾರೆ. ಹಾಳೆ ಅಸಲಿಯೇ, ಅವರು ಕ್ರಾಸ್ ಕಟ್ ಮಾಡಿಸಿದ್ದಾರೆ, ಅಷ್ಟೆ.

ದಿಕ್ಕು ಆರಿಸುವ ಈ ಸ್ವಾತಂತ್ರ್ಯವೇ ಕಾರ್ಬನ್ನಿನ ದೊಡ್ಡ ವರ. 1981ರಲ್ಲಿ ಜಾನ್ ಬರ್ನಾರ್ಡ್ ವಿನ್ಯಾಸದ ಮೆಕ್‌ಲಾರೆನ್ ಎಂಪಿ4/1 ಒಂದೇ ಚಿಪ್ಪಿನಂಥ ಕಾರ್ಬನ್ ಮಾನೊಕಾಕ್‌ನೊಂದಿಗೆ ಫಾರ್ಮುಲಾ ಒನ್‌ಗೆ ಇಳಿದಾಗ, ಈ ಕರಿ ಪೆಟ್ಟಿಗೆ ಡಿಕ್ಕಿಯಾದರೆ ಪುಡಿಪುಡಿಯಾಗುತ್ತದೆ ಎಂದು ಅನುಮಾನಪಟ್ಟವರಿದ್ದರು. ಅದೇ ವರ್ಷ ಮೊಂಜಾದಲ್ಲಿ ಜಾನ್ ವಾಟ್ಸನ್ ಓಡಿಸುತ್ತಿದ್ದ ಆ ಕಾರು ಬಡಿದು, ಎಂಜಿನ್ ಭಾಗ ಕಿತ್ತುಹೋದರೂ ಚಾಲಕ ಎದ್ದು ನಡೆದು ಬಂದರು. ನಮ್ಮಲ್ಲೇ ನೋಡಿ: 2001ರ ಜನವರಿ 4ರಂದು ಬೆಂಗಳೂರಿನ ಆಕಾಶದಲ್ಲಿ ಮೊದಲ ಬಾರಿ ಹಾರಿದ ತೇಜಸ್ ವಿಮಾನದ ಮೈಯ ತೂಕದಲ್ಲಿ ಶೇ 45ರಷ್ಟು ಇಂಥ ಕಾಂಪೊಸಿಟ್. ಅದರ ಬಾಲದ ಫಿನ್ ಮತ್ತು ರಡ್ಡರ್ ತಯಾರಿಯಲ್ಲಿ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕೈ ಇದೆ. ಅಲ್ಲೆಲ್ಲ ಯಾವ ಪದರ ಯಾವ ಕೋನದಲ್ಲಿ ಎಂಬುದು ನಕ್ಷೆಯಲ್ಲಿ ಬರೆದಿರುತ್ತದೆ. ನಮಗೆ ಸಿಗುವ ಹಾಳೆಯಲ್ಲಿ ಬರೆದಿರುವುದಿಲ್ಲ, ನಾವೇ ಪತ್ತೆ ಮಾಡಬೇಕು.

ಪತ್ತೆ ಮಾಡುವ ಜಾಗ ಅಂಚು. ಮೇಲ್ಮೈ ನೋಡಿ ಹಾಳೆ ಕೊಳ್ಳುವುದರಲ್ಲಿ ಅರ್ಥವಿಲ್ಲ, ಮೇಲ್ಮೈ ಬರೀ ಶೃಂಗಾರ. ಒಂದು ಚೂರನ್ನು 400ರ ವಾಟರ್ ಪೇಪರಿನ ಮೇಲೆ ನೀರು ಹಾಕಿ ಉಜ್ಜಿ, ಆಮೇಲೆ 1000ರದ್ದರ ಮೇಲೆ ನಯ ಮಾಡಿ, ಭೂತಗನ್ನಡಿ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿ. ಕತ್ತರಿಸಿದ ಗೆರೆಯ ಜೊತೆಗೇ ಸಾಗುವ ನೂಲಿನ ಪದರ ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ. ನಿಮ್ಮ ಕಣ್ಣಿನತ್ತ ತುದಿ ಚಾಚಿರುವ ನೂಲಿನ ಪದರ ಮಸಿಯಂತೆ ಮಂಕಾಗಿರುತ್ತದೆ. ಹೊಳಪು, ಮಂಕು, ಹೊಳಪು, ಮಂಕು ಎಂದು ಸಮನಾಗಿ ಗೆರೆ ಎಳೆದಂತಿದ್ದರೆ ಒಳಗಿರುವುದು ನೇಯ್ದ ಬಟ್ಟೆಯಲ್ಲ, ಒಂದೇ ದಿಕ್ಕಿನ ನೂಲಿನ ಪದರಗಳನ್ನು ಉದ್ದಕ್ಕೊಂದು ಅಡ್ಡಕ್ಕೊಂದು ಪೇರಿಸಿದ್ದಾರೆ. ನಡುನಡುವೆ ಅರೆಹೊಳಪಿನ ಪದರ ಸುಳಿದರೆ ಅದು 45 ಡಿಗ್ರಿಯದು. ಗೆರೆಗಳು ಅಲೆಯಲೆಯಾಗಿ, ಬಾದಾಮಿಯಾಕಾರದ ಗಂಟುಗಳಾಗಿ ಕಂಡರೆ ಒಳಗೂ ನೇಯ್ಗೆಯೇ ಇದೆ. ಈ ಪದರಗಳ ಸಾಲು ಮೇಲಿನಿಂದ ನಡುವಿನವರೆಗೆ ಹೇಗಿದೆಯೋ ನಡುವಿನಿಂದ ಕೆಳಗೂ ಕನ್ನಡಿ ಹಿಡಿದಂತೆ ಹಾಗೇ ಇರಬೇಕು. ಇಲ್ಲದಿದ್ದರೆ ಪ್ರೆಸ್ಸಿನಿಂದ ಹೊರಬಂದು ತಣಿಯುವಾಗಲೇ ಹಾಳೆ ಸೊಟ್ಟಗಾಗುತ್ತದೆ.

ಇದೇ ಅಂಚಿನಲ್ಲಿ ಇನ್ನೊಂದು ಸತ್ಯವೂ ಬಯಲಾಗುತ್ತದೆ. ಮೇಲೊಂದು ಕೆಳಗೊಂದು ಕಪ್ಪು ಪದರ, ನಡುವೆ ತಿಳಿ ಹಸಿರೋ ಹಳದಿಯೋ ಬಣ್ಣ ಕಂಡರೆ ಅದು ಗಾಜಿನ ಹೊಟ್ಟೆ, ಕಾರ್ಬನ್ ತೊಗಲು. ಇದನ್ನು ಮೋಸ ಎಂದು ನಾನು ಅನ್ನಲಾರೆ, ಗಾಜು ಎಂದು ಹೇಳಿ ಗಾಜಿನ ಬೆಲೆಗೆ ಕೊಟ್ಟರೆ. 2 ಮಿ.ಮೀ. ಹಾಳೆಯಲ್ಲಿ ಮೇಲೆ ಕೆಳಗಿನ ಕಾಲು ಕಾಲು ಮಿ.ಮೀ. ತೊಗಲೇ ಬಾಗುವಿಕೆಯ ಬಿಗಿತದ ಅರ್ಧಕ್ಕಿಂತ ಹೆಚ್ಚನ್ನು ಹೊರುತ್ತದೆ. ನಡುವಿನ ಭಾಗದ ಪಾಲು ಕಡಿಮೆ. ಆದ್ದರಿಂದ ಇಂಥ ಬೆರಕೆ ಹಾಳೆಯನ್ನು ಕೈಯಲ್ಲಿ ಬಗ್ಗಿಸಿ ನೋಡಿದರೆ ಅನುಭವಿಗಳೂ ಮೋಸಹೋಗುತ್ತಾರೆ. ಮೋಸಹೋಗದಿರುವುದು ತಕ್ಕಡಿ. 300 ಮಿ.ಮೀ. ಚೌಕ, 2.5 ಮಿ.ಮೀ. ದಪ್ಪದ ಅಪ್ಪಟ ಕಾರ್ಬನ್ ಹಾಳೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 350 ಗ್ರಾಮಿನ ಆಸುಪಾಸು ತೂಗಬೇಕು. ಅಪ್ಪಟ ಗಾಜಿನದಾದರೆ 415. ನಡುವೆ ಎಲ್ಲಾದರೂ ನಿಂತರೆ ಉತ್ತರ ನಿಮಗೇ ಗೊತ್ತು. 330ಕ್ಕಿಂತ ಕೆಳಗಿಳಿದರೆ ಖುಷಿಪಡಬೇಡಿ: ಒಂದೋ ದಪ್ಪ ಕಡಿಮೆ, ಇಲ್ಲವೇ ಒಳಗೆ ಗಾಳಿಗುಳ್ಳೆ.

ಗಾಳಿಗುಳ್ಳೆಗೆ ಕಿವಿಯೂ ಸಾಕು. ಹಾಳೆಯ ಒಂದು ಮೂಲೆಯನ್ನು ಎರಡು ಬೆರಳಲ್ಲಿ ತೂಗುಹಾಕಿ ನಾಣ್ಯದಿಂದ ಅಲ್ಲಲ್ಲಿ ತಟ್ಟಿ. ಒಂದೇ ಸಮ ಟಣ್ ಎನ್ನುತ್ತಿದ್ದ ಹಾಳೆ ಯಾವುದೋ ಜಾಗದಲ್ಲಿ ಡಬ್ ಎಂದರೆ ಅಲ್ಲಿ ಪದರ ಬಿಟ್ಟಿದೆ. ಬಳಿಕ ಹಾಳೆಯನ್ನು ದಪ್ಪ ಗಾಜಿನ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ ಇಟ್ಟು ನಾಲ್ಕೂ ಮೂಲೆ ಒತ್ತಿ. ಒಂದು ಮೂಲೆಯಡಿ ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದಿದ್ದರೂ ವಾಪಸ್ ಕೊಡಿ. ಕಾರು ಎಡಕ್ಕೊಂದು ಥರ, ಬಲಕ್ಕೊಂದು ಥರ ತಿರುಗುವ ರೋಗಕ್ಕೆ ನಮ್ಮ ಹವ್ಯಾಸದಲ್ಲಿ ‘ಟ್ವೀಕ್’ ಎಂದು ಹೆಸರು. ಹುಟ್ಟಿನಿಂದಲೇ ಟ್ವೀಕ್ ಇರುವ ಹಾಳೆಗೆ ಸ್ಪ್ರಿಂಗ್, ಶಾಕ್ ಬದಲಿಸಿ ಚಿಕಿತ್ಸೆ ಮಾಡಲಾಗದು.

ದಪ್ಪದ ವಿಷಯಕ್ಕೆ ಬರೋಣ. ಬಾಗುವುದರ ವಿರುದ್ಧದ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 2 ಮಿ.ಮೀ.ನಿಂದ 2.5ಕ್ಕೆ ಹೋದರೆ ತೂಕ ಕಾಲುಭಾಗ ಹೆಚ್ಚುತ್ತದೆ, ಬಿಗಿತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೀಗಾಗಿ 2.5 ಎಂದು ಬರೆದಿರುವ ಹಾಳೆ ವರ್ನಿಯರಿನಲ್ಲಿ 2.4 ತೋರಿಸಿದರೆ ಹನ್ನೊಂದು ಪರ್ಸೆಂಟಿನಷ್ಟು ಬಿಗಿತ ಹೋಯಿತು. ನಾಲ್ಕು ಮೂಲೆಯಲ್ಲೂ ಅಳೆಯಿರಿ. ಕಂಪನಿಗಳ ಟೂರಿಂಗ್ ಕಾರುಗಳಲ್ಲಿ ಕೆಳಹಾಳೆ 2ರಿಂದ 2.5, ಮೇಲಿನ ಕಿರಿದಾದ ಟಾಪ್ ಡೆಕ್ 1.6ರಿಂದ 2 ಇರುವುದು ರೂಢಿ. ಕಾರಿನ ತಿರುಚುವಿಕೆಯನ್ನು ಪಳಗಿಸುವುದು ಬಹುಮಟ್ಟಿಗೆ ಈ ಟಾಪ್ ಡೆಕ್. ಕೆಳಹಾಳೆಯನ್ನು ಮುಟ್ಟದೆ, ಟಾಪ್ ಡೆಕ್ಕಿನ ಎರಡು ಸ್ಕ್ರೂ ತೆಗೆದರೂ ಕಾರಿನ ನಡತೆ ಬದಲಾಗುತ್ತದೆ. ಗ್ರಿಪ್ ಕಡಿಮೆ ಇರುವ ನೆಲದಲ್ಲಿ ತುಸು ತಿರುಚಿಕೊಳ್ಳುವ ಕಾರು ನೆಲವನ್ನು ಹೆಚ್ಚು ಹಿಡಿಯುತ್ತದೆ. ನಾವು ಓಡಿಸುವುದು ಅಪಾರ್ಟ್‌ಮೆಂಟಿನ ನೆಲಮಾಳಿಗೆ ಪಾರ್ಕಿಂಗ್, ಭಾನುವಾರದ ಖಾಲಿ ಮೈದಾನದಂಚಿನ ಡಾಂಬರು. ಎಲ್ಲೆಲ್ಲೂ ಧೂಳು. ಇಲ್ಲಿಗೆ ಬಂಡೆಯಂಥ ಚಾಸಿ ಬೇಡ. ಉದ್ದಕ್ಕೆ ಬಾಗದ, ತುಸು ತಿರುಚಿಕೊಳ್ಳುವ ಹಾಳೆ ಬೇಕು. ಅಂದರೆ ನೂಲು ಉದ್ದಕ್ಕೂ ಅಡ್ಡಕ್ಕೂ ಇರುವ ಸಾದಾ ಹಾಳೆಯೇ, ನೇರವಾಗಿ ಕತ್ತರಿಸಿದ್ದು.

ಹಾಗಿದ್ದರೆ 2 ಸಾಕಲ್ಲ, 2.5 ಯಾಕೆ ಎಂದು ಕೇಳಬಹುದು. ಸ್ಕ್ರೂ ಕಾರಣ. ಕೆಳಗಿನಿಂದ ಹಾಕುವ ಎಂ3 ಕೌಂಟರ್‌ಸಿಂಕ್ ಸ್ಕ್ರೂವಿನ ತಲೆ ಸುಮಾರು 1.7 ಮಿ.ಮೀ. ಆಳ. 2 ಮಿ.ಮೀ. ಹಾಳೆಯಲ್ಲಿ ಆ ತಲೆಗೆ ಕುಳಿ ತೋಡಿದರೆ ಉಳಿಯುವುದು 0.3 ಮಿ.ಮೀ. ಅಂಚು. ಟೂರಿಂಗ್ ಕಾರಿನ ಹೊಟ್ಟೆ ನೆಲದಿಂದ ಬರೀ ಐದು ಮಿ.ಮೀ. ಮೇಲಿರುವುದರಿಂದ ಡಾಂಬರು ಕೆಳಮೈಯನ್ನು ಅರದಂತೆ ಉಜ್ಜುತ್ತಲೇ ಇರುತ್ತದೆ. ಕಂಪನಿಯ ಚಾಸಿಯಲ್ಲಿ ಕುಳಿಗಳನ್ನು ಯಂತ್ರ ನಿಖರವಾಗಿ ತೋಡಿರುತ್ತದೆ. ಮನೆಯ ಡ್ರಿಲ್ಲಿನಲ್ಲಿ ಕೈ ಒಂದಿಷ್ಟು ಹೆಚ್ಚು ಒತ್ತಿದರೆ ಸ್ಕ್ರೂ ಆಚೆ ಬದಿಗೆ ಬರುತ್ತದೆ. 2.5ರಲ್ಲಿ 0.8 ಉಳಿಯುತ್ತದೆ, ಉಸಿರಾಡಬಹುದು.

ಗ್ಲಾಸಿಯೋ ಮ್ಯಾಟೋ ಎಂಬುದು ಬರೀ ರುಚಿಯ ಪ್ರಶ್ನೆ. ನನ್ನ ಓಟು ಮ್ಯಾಟಿಗೆ, ಗೀಚಿದರೆ ಕಾಣುವುದಿಲ್ಲ.

ಕತ್ತರಿಸುವುದನ್ನು ಆದಷ್ಟು ಸಿಎನ್‌ಸಿ ರೂಟರ್ ಇರುವವರಿಗೆ ಬಿಡಿ. ಬೋರ್ಡು ಬರೆಯುವವರ ಲೇಸರ್ ಯಂತ್ರದಲ್ಲಿ ಆಗುವ ಕೆಲಸವಲ್ಲ; ನೂಲು ಕತ್ತರಿಸುವಷ್ಟು ಬಿಸಿಗೆ ಎಪಾಕ್ಸಿ ಸುಟ್ಟು ಕರಕಲಾಗುತ್ತದೆ. ಕಾರ್ಬನ್ ಎಂದೊಡನೆ ರೂಟರಿನವರಲ್ಲೂ ಹಲವರು ಮುಖ ತಿರುಗಿಸುತ್ತಾರೆ. ಅವರನ್ನು ದೂರುವಂತಿಲ್ಲ: ರೂಟರಿನ ಬಿಟ್ ಬೇಗ ಸವೆಯುತ್ತದೆ, ಆ ಕರಿ ಧೂಳು ವಿದ್ಯುತ್ ಹರಿಸುವುದರಿಂದ ಯಂತ್ರದ ಸರ್ಕ್ಯೂಟಿಗೂ ಕುತ್ತು. ಮನೆಯಲ್ಲೇ ಮಾಡುವ ಹಟವಿದ್ದರೆ ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡು, ಕಾರ್ಬೈಡ್ ಡ್ರಿಲ್ ಬಿಟ್, ಹಾಳೆಯಡಿ ಒತ್ತಿ ಹಿಡಿದ ಪ್ಲೈವುಡ್ ತುಂಡು ಇಷ್ಟಿರಲಿ. ಅಡಿಯಲ್ಲಿ ಮರದ ಆಸರೆ ಇಲ್ಲದೆ ತೂತು ಹಾಕಿದರೆ ಬಿಟ್ ಆಚೆ ಬರುವಾಗ ಕೊನೆಯ ಪದರ ಸಿಬಿರೆದ್ದು ಬರುತ್ತದೆ. ಕೆಲಸವನ್ನು ಬಯಲಲ್ಲಿ, ನೀರು ಚಿಮುಕಿಸುತ್ತ, ಎನ್-95 ಮಾಸ್ಕ್ ಹಾಕಿಕೊಂಡು ಮಾಡಿ. ಬಟ್ಟೆ ಮಾಸ್ಕ್ ಸಾಲದು. ಈ ಒಂದು ವಿಷಯದಲ್ಲಿ ಉದಾಸೀನ ಮಾಡುವವರ ಜೊತೆ ನಾನು ಕಾರ್ಬನ್ ಬಗ್ಗೆ ಮಾತನ್ನೇ ಆಡುವುದಿಲ್ಲ.

ಒಳಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಮಾಡಿಸಿ, ಸೀಳು ಹುಟ್ಟುವುದೇ ಅಲ್ಲಿಂದ. ಕತ್ತರಿಸಿದ ಅಂಚನ್ನೆಲ್ಲ ವಾಟರ್ ಪೇಪರಿನಲ್ಲಿ ಉಜ್ಜಿ, ಒರೆಸಿ ಒಣಗಿಸಿ, ಸುತ್ತಲೂ ತೆಳ್ಳಗೆ ಫೆವಿಕ್ವಿಕ್ ಹರಿಸಿ ಬಿಡಿ. ಪದರಗಳ ಸಂದಿಗೆ ಇಳಿದು ಅದು ಅಂಚನ್ನು ಕಟ್ಟಿಹಾಕುತ್ತದೆ. ಕಾರು ಕಲ್ಲಿಗೆ ಬಡಿದಾಗ ಹಾಳೆ ಎಲೆಎಲೆಯಾಗಿ ಬಿಚ್ಚಿಕೊಳ್ಳುವುದು ತಪ್ಪುತ್ತದೆ. ಉಜ್ಜದೆ ಬಿಟ್ಟ ಅಂಚು ಗರಗಸದಂತೆ ಬ್ಯಾಟರಿ ತಂತಿಯ ಹೊದಿಕೆಯನ್ನು ಕೊರೆಯುತ್ತದೆ. ಕಾರ್ಬನ್ ವಿದ್ಯುತ್ ಹರಿಸುವ ವಸ್ತು ಎಂಬುದನ್ನು ಮರೆತು ಲಿಪೊ ಬ್ಯಾಟರಿಯನ್ನು ಅದರ ಮೇಲೆ ಬರಿದಾಗಿ ಕೂರಿಸಿದರೆ ಹೊಗೆ ಬರುವ ದಿನ ದೂರವಿಲ್ಲ. ಅಡಿಗೆ ಇನ್ಸುಲೇಷನ್ ಟೇಪಾದರೂ ಇರಲಿ. ರಿಸೀವರಿನ ಆಂಟೆನಾ ತಂತಿಯನ್ನು ಹಾಳೆಗೆ ಒರಗಿಸಬೇಡಿ, 2.4 ಗಿಗಾಹರ್ಟ್ಸ್ ಸಿಗ್ನಲ್ಲನ್ನು ಕಾರ್ಬನ್ ಮರೆಮಾಡುತ್ತದೆ. ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ಮೇಲಕ್ಕೆ ನಿಲ್ಲಿಸಿ. ಮಂಗಳೂರು, ಕಾರವಾರದ ಕಡೆಯವರು ಇನ್ನೊಂದು ನೋಡಿಕೊಳ್ಳಬೇಕು. ಉಪ್ಪು ಗಾಳಿಯ ತೇವದಲ್ಲಿ ಕಾರ್ಬನ್ನಿಗೆ ತಾಗಿದ ಅಲ್ಯೂಮಿನಿಯಂ ಬೇಗ ಬಿಳಿ ಬೂದಿಯಾಗಿ ತಿಂದುಹೋಗುತ್ತದೆ. ನಡುವೆ ತೆಳು ಟೇಪು ಅಥವಾ ವಾರ್ನಿಷ್ ಇದ್ದರೆ ಚಿಂತೆಯಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಇದೇ ಮೊದಲ ಚಾಸಿ ಎನ್ನುವವರಿಗೆ ನಾನು ಕೊಡುವ ಸಲಹೆ ಎಫ್‌ಆರ್-4. ಬೆಲೆ ಕಾರ್ಬನ್ನಿನ ಒಂದು ಸಣ್ಣ ಪಾಲು, ಕತ್ತರಿಸುವುದು ಸುಲಭ, ಮಾಸ್ಕ್ ಮಾತ್ರ ಅದಕ್ಕೂ ಬೇಕೇ ಬೇಕು. 3 ಮಿ.ಮೀ. ಹಾಳೆಯಲ್ಲಿ ನಿಮ್ಮ ನಕ್ಷೆಯನ್ನು ಕತ್ತರಿಸಿ, ಒಂದು ತಿಂಗಳು ಓಡಿಸಿ. ಬ್ಯಾಟರಿ ಎರಡು ಮಿ.ಮೀ. ಆಚೆ ಇರಬೇಕಿತ್ತು, ಸರ್ವೋ ತೂತು ತಪ್ಪಿದೆ, ಮುಂದಿನ ಬಂಪರ್ ಸ್ಕ್ರೂಗೆ ಜಾಗವೇ ಇಲ್ಲ ಎಂಬುದೆಲ್ಲ ಆ ಅಗ್ಗದ ಹಾಳೆಯಲ್ಲೇ ತಿಳಿಯಲಿ. ನಕ್ಷೆ ಗಟ್ಟಿಯಾದ ಮೇಲೆ ಕಾರ್ಬನ್ನಿಗೆ ಬನ್ನಿ: 2.5 ಮಿ.ಮೀ., ಮ್ಯಾಟ್, ಚಾಸಿ ನೇರ ಕೂರುವಷ್ಟು ದೊಡ್ಡದು, ಸಾಮಾನ್ಯವಾಗಿ 400ಕ್ಕೆ 500 ಮಿ.ಮೀ. ಅಳತೆಯದು. ದುಡ್ಡು ಕೊಡುವ ಮುನ್ನ ಅಂಗಡಿಯವರಿಂದ ಮೂರು ಸಂಗತಿ ಕೇಳಿ: ಕತ್ತರಿಸಿದ ಅಂಚಿನ ಹತ್ತಿರದ ಫೋಟೊ, ಹಾಳೆಯ ತೂಕ, ಒಳಪದರದ ನೂಲಿನ ದಿಕ್ಕು. ಮೊದಲೆರಡನ್ನು ಕೊಡದವರ ಹತ್ತಿರ ವ್ಯಾಪಾರ ಬೇಡ. ಮೂರನೆಯದಕ್ಕೂ ಉತ್ತರ ಕೊಡುವ ಅಂಗಡಿ ಸಿಕ್ಕಿದರೆ ಮುಂದಿನ ಹಾಳೆಯನ್ನೂ ಅಲ್ಲೇ ಕೊಳ್ಳಿ.